ಸ್ಕಾಟ್ಸ್ ಮಾತು ಅರ್ಥ ಮಾಡಿಕೊಳ್ಳುವುದು ಹೇಗೆ: ಸ್ಕಾಟ್ಲೆಂಡಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಒಳ್ಳೆಯ ಬ್ಯಾಂಡ್ ತೆಗೆದು ಬಂದವರಿಗೂ ಗ್ಲಾಸ್ಗೋ ಬಸ್ಸಿನಲ್ಲಿ ಪಕ್ಕದ ಸೀಟಿನವರ ಮಾತು ಅರ್ಧಕ್ಕರ್ಧ ತಲೆಗೆ ಹತ್ತುವುದಿಲ್ಲ. ನಮ್ಮ ಇಂಗ್ಲಿಷೇ ಸಾಲದು ಎಂದು ಅನೇಕರು ಕುಗ್ಗಿಹೋಗುತ್ತಾರೆ. ಕುಗ್ಗಬೇಕಾಗಿಲ್ಲ. ಅಲ್ಲಿ ಕಿವಿಗೆ ಬಿದ್ದದ್ದರಲ್ಲಿ ಅರ್ಧ ಇಂಗ್ಲಿಷ್, ಉಳಿದರ್ಧ ಸ್ಕಾಟ್ಸ್.

ಕಲಿಯಲು ಹೊರಟವರು ಸಾಮಾನ್ಯವಾಗಿ ಪ್ರವಾಸಿ ಅಂಗಡಿಯ ಚಹಾ ಕಪ್, ಟವೆಲುಗಳ ಮೇಲೆ ಅಚ್ಚಾದ ವಿಚಿತ್ರ ಪದಗಳನ್ನು ಬಾಯಿಪಾಠ ಮಾಡುತ್ತಾರೆ. ಅವುಗಳಿಂದ ದೊಡ್ಡ ತೊಂದರೆಯೇನೂ ಇಲ್ಲ, ಗೊತ್ತಿಲ್ಲದ ಪದ ಎಂದು ಕಿವಿಗೇ ತಿಳಿಯುತ್ತದೆ, ಕೇಳಿ ತಿಳಿದುಕೊಳ್ಳಬಹುದು. ನಿಜವಾಗಿ ಎಡವಿಸುವುದು ನಮಗೆ ಚೆನ್ನಾಗಿ ಗೊತ್ತು ಎಂದುಕೊಂಡಿರುವ ಇಂಗ್ಲಿಷ್ ಪದಗಳು. ಅವು ಅಲ್ಲಿ ಬೇರೆ ಅರ್ಥ ಹೊತ್ತಿರುತ್ತವೆ, ನಾವು ತಪ್ಪು ತಿಳಿದದ್ದೂ ನಮಗೆ ತಿಳಿಯುವುದಿಲ್ಲ. ಆದ್ದರಿಂದ ಮೊದಲು ಉಚ್ಚಾರ, ಆಮೇಲೆ ಅರ್ಥ ಬದಲಾದ ಪದಗಳು, ಕೊನೆಗೆ ಅಪರೂಪದ ಪದಗಳು, ಈ ಕ್ರಮದಲ್ಲಿ ಕಲಿತರೆ ಬೇಗ ಹಿಡಿತ ಸಿಗುತ್ತದೆ.

ಅದಕ್ಕೂ ಮುಂಚೆ ಒಂದು ಗೊಂದಲ ಬಿಡಿಸಿಕೊಳ್ಳಿ. ಸ್ಕಾಟ್ಲೆಂಡಿನಲ್ಲಿ ಮೂರು ಭಾಷೆಗಳು ಬಳಕೆಯಲ್ಲಿವೆ. ಕಚೇರಿ, ಕಾಲೇಜು, ಸುದ್ದಿಯಲ್ಲಿ ಕೇಳುವುದು ಸ್ಕಾಟಿಷ್ ಇಂಗ್ಲಿಷ್. ಹಳೆಯ ಇಂಗ್ಲಿಷಿನ ಉತ್ತರದ ಕವಲಿನಿಂದ ಬೆಳೆದು ಬಂದದ್ದು ಸ್ಕಾಟ್ಸ್. ರೈಲು ನಿಲ್ದಾಣದ ಫಲಕಗಳ ಮೇಲೆ ಇಂಗ್ಲಿಷಿನ ಜತೆಗೆ ಕಾಣುವ ಗೇಲಿಕ್ ಬೇರೆಯೇ ವಂಶದ ಭಾಷೆ. 2022ರ ಜನಗಣತಿಯಲ್ಲಿ 15 ಲಕ್ಷಕ್ಕೂ ಹೆಚ್ಚು ಜನ ಸ್ಕಾಟ್ಸ್ ಆಡುತ್ತೇವೆ ಎಂದರು. ಗೇಲಿಕ್ ಆಡುವವರು ಸುಮಾರು 70 ಸಾವಿರ. 2025ರ ಕಾಯ್ದೆ ಎರಡಕ್ಕೂ ಅಧಿಕೃತ ಸ್ಥಾನ ಕೊಟ್ಟಿದೆ. ಮೊಬೈಲ್ ಆ್ಯಪಿನಲ್ಲಿ ಗೇಲಿಕ್ ಕಲಿತು ಗ್ಲಾಸ್ಗೋ ಮಾರುಕಟ್ಟೆಗೆ ಹೋದರೆ ಅಲ್ಲಿ ಬೇಕಾಗುವುದು ಸ್ಕಾಟ್ಸ್. ಸ್ಕಾಟ್ಸ್ ಆಡುವವರು ಎದುರಿಗಿರುವವರನ್ನು ನೋಡಿಕೊಂಡು ಒಂದೇ ವಾಕ್ಯದಲ್ಲೂ ಇಂಗ್ಲಿಷಿಗೆ ಜಾರಿ ಹಿಂದೆ ಬರುತ್ತಾರೆ, ಧಾರವಾಡದವರು ಮನೆಯಲ್ಲೊಂದು ವೇದಿಕೆಯ ಮೇಲೊಂದು ಕನ್ನಡ ಆಡುವ ಹಾಗೆ.

ಮೊದಲು ಉಚ್ಚಾರ

ಕೆಲವೇ ಬದಲಾವಣೆ ಗೊತ್ತಾದರೆ ನೂರಾರು ಪದಗಳು ತಾವಾಗಿ ತಿಳಿಯುತ್ತವೆ. ಇಂಗ್ಲಿಷಿನ ‘ಔ’ ಸ್ಕಾಟ್ಸಿನಲ್ಲಿ ‘ಉ’ ಆಗುತ್ತದೆ: ಹೌಸ್ ‘ಹುಸ್’, ಡೌನ್ ‘ಡುನ್’, ಔಟ್ ‘ಉಟ್’, ಟೌನ್ ‘ಟುನ್’. ರೋಮನ್ ಬರಹದಲ್ಲಿ ಎರಡು ‘ಒ’ (oo) ನೋಡಿ ಎಲ್ಲ ಕಡೆ ದೀರ್ಘ ಎಳೆಯಬೇಡಿ. ಪದದ ಕೊನೆಯಲ್ಲಿ ಬಂದಾಗ ಸ್ಪಷ್ಟವಾಗಿ ಉದ್ದ: ನೌ ‘ನೂ’, ಕೌ ‘ಕೂ’. ಇಂಗ್ಲಿಷಿನ ‘ಓ’ ಹಲವು ಪದಗಳಲ್ಲಿ ‘ಏ’: ಹೋಮ್ ‘ಹೇಮ್’, ಸ್ಟೋನ್ ‘ಸ್ಟೇನ್’. ‘ಹೆಡ್’ ಎನ್ನುವುದು ‘ಹೀಡ್’, ‘ಡೆಡ್’ ಎನ್ನುವುದು ‘ಡೀಡ್’. ಹಲವು ಪದಗಳಲ್ಲಿ ಕೊನೆಯ ‘ಲ್’ ಉದುರುತ್ತದೆ: ಆಲ್ ‘ಆ’, ವಾಲ್ ‘ವಾ’, ಬಾಲ್ ‘ಬಾ’. ಸಣ್ಣ ಪದಗಳು ಇನ್ನೂ ಸಣ್ಣದಾಗುತ್ತವೆ: ವಿತ್ ‘ವಿ’, ಫ್ರಮ್ ‘ಫೇ’, ಟು ‘ಟೇ’, ಡು ‘ಡೇ’, ಗಿವ್ ‘ಗೀ’.

ನೈಟ್ ಎಂಬುದು ‘ನಿಖ್ಟ್’, ಸರೋವರಕ್ಕೆ ‘ಲಾಖ್’. ಇಲ್ಲಿನ ‘ಖ್’ ನಮ್ಮ ಮಹಾಪ್ರಾಣವಲ್ಲ. ಉರ್ದು ಬಲ್ಲವರು ‘ಖಬರ್’ ಅನ್ನುವಾಗ ಗಂಟಲ ಹಿಂಭಾಗದಲ್ಲಿ ಗಾಳಿ ಉಜ್ಜುತ್ತಾರಲ್ಲ, ಅದೇ ಧ್ವನಿ. ‘ಲಾಕ್’ ಎಂದರೆ ಬೀಗವಾಗುತ್ತದೆ. ಗ್ಲಾಸ್ಗೋ ಕಡೆ ‘ಥಿಂಕ್’ ಎನ್ನುವುದು ‘ಹಿಂಕ್’, ‘ವಾಟರ್’ ನಡುವಿನ ‘ಟ’ ಗಂಟಲಲ್ಲೇ ಕಟ್ಟಿ ‘ವಾ’ಅರ್’ ಎಂದು ಕೇಳುತ್ತದೆ. ನಮಗೆ ಅನುಕೂಲವಾದದ್ದೊಂದಿದೆ: ಲಂಡನ್ನಿನವರು ನುಂಗುವ ‘ರ್’ ಅನ್ನು ಇವರು ನಮ್ಮ ಹಾಗೆಯೇ ಪೂರ್ತಿ ಉಚ್ಚರಿಸುತ್ತಾರೆ. ಕಾರ್ ‘ಕಾರ್’ ಆಗಿಯೇ ಕೇಳುತ್ತದೆ. ನಿಮ್ಮ ‘ರ್’ ತಿದ್ದಿಕೊಳ್ಳಬೇಡಿ.

ಒಂದು ವಾಕ್ಯ ಬಿಡಿಸಿ ನೋಡೋಣ. ‘ಆಮ್ ಗಾನ್ ಡುನ್ ದ ಟುನ್ ಟೇ ಗೆಟ್ ದ ಮೆಸೇಜಸ್.’ ‘ಡುನ್’, ‘ಟುನ್’ ಎರಡಕ್ಕೂ ‘ಔ’ ಹಾಕಿ ನೋಡಿ, ಡೌನ್, ಟೌನ್. ‘ಟೇ’ ಅಂದರೆ ಟು. ‘ಗಾನ್’ ಅಂದರೆ ಗೋಯಿಂಗ್. ಈಗ ಪೇಟೆಗೆ ಹೋಗುತ್ತಿದ್ದಾರೆ ಎಂದು ತಿಳಿಯಿತು. ‘ಮೆಸೇಜಸ್’ ತರಲು ಎಂದರೆ? ಸಂದೇಶಕ್ಕೂ ಇದಕ್ಕೂ ಸಂಬಂಧವಿಲ್ಲ, ಮನೆಗೆ ಬೇಕಾದ ದಿನಸಿ, ತರಕಾರಿ. ಉಚ್ಚಾರ ಬಿಡಿಸಿದ ಮೇಲೂ ಕೊನೆಗೆ ಉಳಿಯುವುದು ಇಂಥ ಒಂದು ಪದ. ಅದಕ್ಕೇ ಅರ್ಥದ ಪಾಠ ಎರಡನೆಯದು.

‘ನೆ’ ಸೇರಿದರೆ ಇಲ್ಲ

ಕ್ರಿಯಾಪದದ ಬಾಲಕ್ಕೆ ನಿಷೇಧ ಅಂಟಿಸುವುದು ಕನ್ನಡಿಗರಿಗೆ ಹೊಸದಲ್ಲ, ಮಾಡಲ್ಲ, ಹೋಗಲ್ಲ, ಬರಲ್ಲ ಎನ್ನುತ್ತಲೇ ಇರುತ್ತೇವೆ. ಸ್ಕಾಟ್ಸಿನಲ್ಲಿ ಆ ಬಾಲ ‘ನೆ’. ‘ಡಿನ್ನೆ’ (ಡೋಂಟ್), ‘ಕ್ಯಾನೆ’ (ಕಾಂಟ್), ‘ವಿಲ್ನೆ’, ‘ವುಡ್ನೆ’, ‘ಡಿಡ್ನೆ’, ‘ವಿಝ್ನೆ’ (ವಾಸಂಟ್). ‘ಕೆನ್’ ಎಂದರೆ ಗೊತ್ತು, ‘ಡಿನ್ನೆ ಕೆನ್’ ಎಂದರೆ ಗೊತ್ತಿಲ್ಲ. ‘ಕ್ಯಾನೆ’ಯನ್ನು ‘ಕ್ಯಾನ್’ ಎಂದು ಕೇಳಿಸಿಕೊಂಡರೆ ಅರ್ಥ ತಿರುಗುಮುರುಗಾಗುತ್ತದೆ. ‘ಐ ಕ್ಯಾನೆ ಡೇ ಫ್ರೈಡೇ’ ಎಂದವರು ಶುಕ್ರವಾರ ಬರುವುದಿಲ್ಲ.

ಬಾಲದ ‘ನೆ’ ಬೇರೆ, ಬಿಡಿಯಾಗಿ ಬರುವ ‘ನೋ’ ಬೇರೆ. ‘ಆಮ್ ನೋ ಗಾನ್’ ಎಂದರೆ ನಾನು ಹೋಗುತ್ತಿಲ್ಲ. ‘ನೇ ಮಿಲ್ಕ್’ ಎಂದರೆ ಹಾಲಿಲ್ಲ. ಪ್ರಶ್ನೆಗೆ ಇಲ್ಲ ಎನ್ನಲು ‘ನಾ’, ಹೌದು ಎನ್ನಲು ‘ಆಯ್’. ಅಬರ್ಡೀನ್ ಕಡೆ ಮಾತ್ರ ‘ನೋ’ ಜಾಗದಲ್ಲೂ ‘ನೇ’ ಬರುತ್ತದೆ. ‘ಆಯ್, ರೈಟ್’ ಎಂದು ಎಳೆದು ಹೇಳಿದರೆ ಒಪ್ಪಿಗೆಯಲ್ಲ, ನಂಬಲಿಲ್ಲ ಎಂದರ್ಥ.

ಬಹುವಚನಕ್ಕೆ ‘ಯೂಸ್’ ಇದೆ. ಕೇಳಿದ ಕೂಡಲೇ ಇದು ನಮ್ಮ ‘ನೀವು’ ಇರಬೇಕು ಅನ್ನಿಸುತ್ತದೆ. ಹಾಗಲ್ಲ, ಇಬ್ಬರು ಅಥವಾ ಹೆಚ್ಚು ಜನರಿಗೆ ಮಾತ್ರ ಅದು, ಗೌರವದ ಸೂಚನೆ ಇಲ್ಲ. ಮೇಲಧಿಕಾರಿ ಒಬ್ಬರನ್ನೇ ‘ಯೂಸ್’ ಎಂದು ಕರೆದರೆ ವಿಚಿತ್ರವಾಗಿ ಕೇಳುತ್ತದೆ. ನೀನು, ನೀವು ಭೇದ ನಿಜವಾಗಿ ಉಳಿದಿರುವುದು ಶೆಟ್ಲೆಂಡ್ ದ್ವೀಪಗಳಲ್ಲಿ. ಅಲ್ಲಿ ಗೆಳೆಯರಿಗೆ, ಕಿರಿಯರಿಗೆ ‘ಡು’, ಹಿರಿಯರಿಗೆ ‘ಯು’.

ಗೊತ್ತಿರುವ ಪದ, ಬೇರೆ ಅರ್ಥ

ಈ ಭಾಗಕ್ಕೆ ಹೆಚ್ಚು ಸಮಯ ಕೊಡಿ.

‘ವೇರ್ ಡು ಯು ಸ್ಟೇ?’ ಎಂದು ಕೇಳಿದರೆ ನಿಮ್ಮ ಮನೆ ಎಲ್ಲಿ ಎಂದು. ಭಾರತದ ಇಂಗ್ಲಿಷಿನಲ್ಲೂ ಕೆಲವರು ಹೀಗೆ ಬಳಸುವುದರಿಂದ ಇದು ಸುಲಭ, ಆದರೆ ಹೊಸದಾಗಿ ಬಂದವರು ತಾತ್ಕಾಲಿಕ ವಸತಿಯನ್ನು ಕೇಳುತ್ತಿದ್ದಾರೆ ಎಂದುಕೊಂಡು ಹೋಟೆಲಿನ ಹೆಸರು ಹೇಳುತ್ತಾರೆ, ಅದು ಕಾಯಂ ವಿಳಾಸವಾಗಿ ದಾಖಲಾಗಿಬಿಡುತ್ತದೆ. ವೈದ್ಯರ ಕ್ಲಿನಿಕ್‌ನಲ್ಲಿ ಹೀಗಾದರೆ ಅಪಾಯಿಂಟ್‌ಮೆಂಟ್ ಪತ್ರ ಬೇರೆ ಕಡೆ ಹೋಗುತ್ತದೆ.

‘ಹೌ?’ ಎಂದರೆ ಅನೇಕ ಸಲ ಹೇಗೆ ಅಲ್ಲ, ಯಾಕೆ. ‘ಹೌ ನೋ?’ ಎಂದರೆ ಯಾಕೆ ಬೇಡ, ಯಾಕಿಲ್ಲ. ನಾಳೆ ಬರಲಾಗುವುದಿಲ್ಲ ಎಂದಾಗ ‘ಹೌ?’ ಎಂದು ಕೇಳಿದರೆ ಕಾರಣ ಹೇಳಿ.

‘ಮೈಂಡ್’ ಎಂದರೆ ನೆನಪು. ‘ಡಿ ಯೆ ಮೈಂಡ್ ಹಿಮ್?’ ಎಂದರೆ ಅವನ ನೆನಪಿದೆಯೇ. ‘ಐ ಡಿನ್ನೆ ಮೈಂಡ್’ ಎಂಬುದು ನನಗೆ ನೆನಪಿಲ್ಲ ಎಂದೂ ಆಗಬಹುದು, ಅಭ್ಯಂತರವಿಲ್ಲ ಎಂದೂ ಆಗಬಹುದು. ಹಿಂದಿನ ಮಾತು ನೋಡಿ ತೀರ್ಮಾನಿಸಬೇಕು.

‘ಡೌಟ್’ ಇನ್ನೂ ಕಷ್ಟ. ‘ಐ ಡೌಟ್ ಇಟ್ಸ್ ಗೋಯಿಂಗ್ ಟು ರೇನ್’ ಎಂದರೆ ಮಳೆ ಬರಲಿಕ್ಕಿಲ್ಲ ಎಂದು ನಾವು ತಿಳಿಯುತ್ತೇವೆ. ಹಿರಿಯ ಸ್ಕಾಟರ ಬಾಯಲ್ಲಿ ಅದು ಮಳೆ ಬರುವ ಹಾಗಿದೆ ಎಂಬ ಆತಂಕ. ಹೇಳುವವರ ವಯಸ್ಸು, ಆಕಾಶ ಎರಡನ್ನೂ ನೋಡಿ.

‘ಗ್ರೀಟ್’ ಎಂದರೆ ಅಳು. ‘ದ ವೇನ್ ವಿಝ್ ಗ್ರೀಟಿನ್ ಆ ಮಾರ್ನಿನ್’ ಎಂದು ನರ್ಸರಿಯವರು ಹೇಳಿದರೆ ಮಗು ಬೆಳಗಿನಿಂದ ಅಳುತ್ತಿತ್ತು ಎಂದು. ಎಲ್ಲರಿಗೂ ನಮಸ್ಕಾರ ಹೇಳುತ್ತಿತ್ತು ಎಂದುಕೊಂಡು ನಕ್ಕು ಬರಬೇಡಿ. ‘ವೇನ್’ ಗ್ಲಾಸ್ಗೋ ಕಡೆಯ ಮಗು, ಪೂರ್ವ ಮತ್ತು ಉತ್ತರದಲ್ಲಿ ಅದೇ ಮಗು ‘ಬೇರ್ನ್’.

‘ಪೀಸ್’ ಎಂದರೆ ಸ್ಯಾಂಡ್‌ವಿಚ್. ಶಾಲೆಯಿಂದ ‘ಪ್ಲೇ ಪೀಸ್’ ಕಳಿಸಿ ಎಂದರೆ ಬೆಳಗಿನ ವಿರಾಮಕ್ಕೆ ತಿನ್ನಲು ಚಿಕ್ಕದೇನಾದರೂ ಡಬ್ಬಿಗೆ ಹಾಕಬೇಕು. ಆಟದ ಮೈದಾನದಲ್ಲಿ ‘ಗೀಸ್ ಎ ಶಾಟ್’ ಎಂದು ಮಕ್ಕಳು ಕೂಗಿದರೆ ನನಗೂ ಒಂದು ಸರದಿ ಕೊಡು ಎಂದು. ‘ಗಾನೆ’ (ಗೋಯಿಂಗ್ ಟು, ಇಲ್ಲಿನ ‘ನೆ’ ನಿಷೇಧವಲ್ಲ) ಎಂದು ಶುರುವಾದರೆ ವಿನಂತಿ, ‘ಗಾನೆ ನೋ’ ಎಂದರೆ ದಯವಿಟ್ಟು ಹಾಗೆ ಮಾಡಬೇಡ.

‘ಟೀ’ಗೆ ಬನ್ನಿ ಎಂದು ಸಂಜೆ ಐದೂವರೆಗೆ ಕರೆದರೆ ಚಹಾ ಬಿಸ್ಕತ್ತಲ್ಲ, ರಾತ್ರಿಯ ಊಟ. ಹೊಟ್ಟೆ ತುಂಬ ತಿಂದು ಹೋದರೆ ಕರೆದವರಿಗೆ ಬೇಸರವಾಗುತ್ತದೆ. ‘ಡಿನ್ನರ್’ ಹಲವು ಮನೆಗಳಲ್ಲಿ ಮಧ್ಯಾಹ್ನದ್ದು. ‘ಜ್ಯೂಸ್’ ಎಂದರೆ ಹಣ್ಣಿನ ರಸವೇ ಆಗಬೇಕಿಲ್ಲ, ಯಾವ ತಂಪು ಪಾನೀಯವೂ ಆದೀತು. ಗ್ಲಾಸ್ಗೋದಲ್ಲಿ ಗ್ಯಾಸ್ ತುಂಬಿದ ಪಾನೀಯಕ್ಕೆಲ್ಲ ‘ಜಿಂಜರ್’ ಎನ್ನುತ್ತಾರೆ, ಅದರಲ್ಲಿ ಶುಂಠಿ ಇರಬೇಕೆಂದಿಲ್ಲ.

ಹೊಗಳಿಕೆಯನ್ನೂ ಗುರುತಿಸಬೇಕು. ನೀವು ಮಾಡಿದ ಕೆಲಸ ನೋಡಿ ‘ನೋ ಬ್ಯಾಡ್’ ಎಂದರೆ ಚೆನ್ನಾಗಿದೆ ಎಂದೇ. ‘ಆಫಿ ನೋ ವೀಲ್’ ಎಂದರೆ ಸ್ವಲ್ಪ ಹುಷಾರಿಲ್ಲ ಅಲ್ಲ, ತುಂಬಾ ಕಾಯಿಲೆ. ‘ವೀ’ ಎಂದರೆ ಚಿಕ್ಕದು, ಆದರೆ ಮಾತಿಗೆ ಮೃದುತ್ವ ಕೊಡಲು ಎಲ್ಲದಕ್ಕೂ ಸೇರಿಸುತ್ತಾರೆ. ‘ಎ ವೀ ಮಿನಿಟ್’ ಎಂದವರು ಹತ್ತು ನಿಮಿಷ ಕಾಯಿಸಬಹುದು.

ಹೊತ್ತು ಹೇಳುವ ರೀತಿ

‘ದ ಡೇ’ ಇವತ್ತು, ‘ದ ಮಾರಾ’ ಅಥವಾ ‘ದ ಮಾರ್ನ್’ ನಾಳೆ, ‘ದ ನೂ’ ಈಗ. ‘ಹಾಫ್ ಫೋರ್’ ನಾಲ್ಕೂವರೆ, ಮೂರೂವರೆ ಅಲ್ಲ. ‘ದ ಬ್ಯಾಕ್ ಅ ನೈನ್’ ಎಂದರೆ ಒಂಬತ್ತು ದಾಟಿದ ಮೇಲೆ, ಹೆಚ್ಚೆಂದರೆ ಒಂಬತ್ತೂ ಇಪ್ಪತ್ತರವರೆಗೆ. ಪ್ಲಂಬರ್ ಹೀಗೆ ಹೇಳಿದಾಗ ಎಂಟೂಮುಕ್ಕಾಲಿನಿಂದ ಬಾಗಿಲು ಕಾಯಬೇಕಾಗಿಲ್ಲ. ಪತ್ರದಲ್ಲಿ ‘ಫ್ರೈಡೇ ಫಸ್ಟ್’ ಎಂದಿದ್ದರೆ ಈಗ ಬರುವ ಶುಕ್ರವಾರ.

ಮನೆ, ಅಂಗಡಿ, ಊಟ

ಹಳೆಯ ಕಲ್ಲಿನ ಬಹುಮಹಡಿ ಕಟ್ಟಡ ‘ಟೆನೆಮೆಂಟ್’. ಅದರ ಬೀದಿ ಬಾಗಿಲಿನಿಂದ ಒಳಗೆ ಹೋಗುವ ಎಲ್ಲರ ಪಾಲಿನ ಓಣಿ, ಮೆಟ್ಟಿಲಿಗೆ ಗ್ಲಾಸ್ಗೋದಲ್ಲಿ ‘ಕ್ಲೋಸ್’, ಎಡಿನ್‌ಬರೋದಲ್ಲಿ ‘ಸ್ಟೇರ್’. ಗ್ಲಾಸ್ಗೋ ವಿಳಾಸದಲ್ಲಿ 2/1 ಎಂದಿದ್ದರೆ ಎರಡನೆಯ ಮಹಡಿಯ ಮೊದಲ ಮನೆ, 0/1 ನೆಲಮಹಡಿ. ಇದನ್ನು 21 ಎಂದು ಬರೆದರೆ ಪಾರ್ಸೆಲ್ ಬರುವುದಿಲ್ಲ. ‘ಫ್ಯಾಕ್ಟರ್’ ಎಂದರೆ ಕಟ್ಟಡದ ಸಾಮಾನ್ಯ ಭಾಗಗಳ ನಿರ್ವಹಣೆ ನೋಡಿಕೊಂಡು ಶುಲ್ಕ ವಸೂಲು ಮಾಡುವವರು. ‘ಪ್ರೆಸ್’ ಗೋಡೆಯೊಳಗಿನ ಕಪಾಟು. ಬಾಡಿಗೆ, ಕಚೇರಿ ಪತ್ರಗಳಲ್ಲಿ ‘ಔಟ್‌ವಿತ್’ ಬಂದರೆ ಹೊರತಾಗಿ, ಹೊರಗೆ ಎಂದರ್ಥ. ಅದು ಶಿಷ್ಟವಾದ ಪದ, ನೀವೂ ಧೈರ್ಯವಾಗಿ ಬರೆಯಬಹುದು. ‘ದ ಶೀಟ್ಸ್ ನೀಡ್ ಚೇಂಜ್ಡ್’ (ನೀಡ್ ಟು ಬಿ ಚೇಂಜ್ಡ್) ಎಂಬ ವಾಕ್ಯವನ್ನೂ ತಪ್ಪೆಂದು ತಿದ್ದಲು ಹೋಗಬೇಡಿ, ಅಲ್ಲಿನ ವ್ಯಾಕರಣವೇ ಹಾಗೆ.

ಮೀನು, ಚಿಪ್ಸ್ ಮಾರುವ ಅಂಗಡಿಯಲ್ಲಿ ‘ಸಪ್ಪರ್’ ಎಂದರೆ ಚಿಪ್ಸ್ ಜತೆಗೆ. ‘ಫಿಶ್ ಸಪ್ಪರ್’ ಕೇಳಿದರೆ ಮೀನು, ಚಿಪ್ಸ್ ಎರಡೂ ಬರುತ್ತದೆ, ಬರೀ ಮೀನು ಬೇಕಾದರೆ ‘ಸಿಂಗಲ್ ಫಿಶ್’. ‘ಪೋಕ್’ ಎಂದರೆ ಕಾಗದದ ಪೊಟ್ಟಣ. ಎಡಿನ್‌ಬರೋದಲ್ಲಿ ‘ಸಾಲ್ಟ್ ಅನ್ ಸಾಸ್?’ ಎಂದು ಕೇಳುತ್ತಾರೆ, ಆ ಸಾಸ್ ಕೆಂಪಲ್ಲ, ಕಂದು ಬಣ್ಣದ ಹುಳಿ ಸಾಸ್. ಗ್ಲಾಸ್ಗೋದಲ್ಲಿ ಉಪ್ಪು, ವಿನೆಗರ್.

ಸಸ್ಯಾಹಾರಿಗಳು ಇಲ್ಲಿ ಹೆಸರನ್ನು ನಂಬಬಾರದು. ಅಬರ್ಡೀನಿನ ‘ಬಟರಿ’ ಅಥವಾ ‘ರೋವಿ’ ಎಂಬ ಉಪ್ಪು ಬನ್ನಿನಲ್ಲಿ ಸಾಂಪ್ರದಾಯಿಕವಾಗಿ ಹಂದಿ ಕೊಬ್ಬು ಇರುತ್ತದೆ. ‘ವೈಟ್ ಪುಡಿಂಗ್’ ಅಥವಾ ‘ಮೀಲಿ ಪುಡಿಂಗ್’ ಓಟ್ಸ್, ಈರುಳ್ಳಿಯದು, ಆದರೆ ಅದಕ್ಕೆ ಪ್ರಾಣಿಯ ಕೊಬ್ಬು ಸೇರುತ್ತದೆ. ಬಟ್ಟೆಯಲ್ಲಿ ಕಟ್ಟಿ ಬೇಯಿಸುವ ಸಿಹಿ ‘ಕ್ಲುಟಿ ಡಂಪ್ಲಿಂಗ್’ನಲ್ಲೂ ಹಾಗೇ. ‘ಸ್ಟೋವೀಸ್’ ಆಲೂಗೆಡ್ಡೆ ಪಲ್ಯದಂತೆ ಕಂಡರೂ ಮಾಂಸದ ಜಿಡ್ಡಿನಲ್ಲಿ ಬೆಂದದ್ದು. ಕೆಲವು ಅಂಗಡಿಗಳು ಚಿಪ್ಸನ್ನೇ ದನದ ಕೊಬ್ಬಿನಲ್ಲಿ ಕರಿಯುತ್ತವೆ, ‘ವೆಜಿಟೆಬಲ್ ಆಯಿಲ್?’ ಎಂದು ಮೊದಲೇ ಕೇಳಿ. ‘ಟ್ಯಾಟಿ ಸ್ಕೋನ್’ (ಆಲೂಗೆಡ್ಡೆ, ಹಿಟ್ಟು, ಬೆಣ್ಣೆಯ ಚಪ್ಪಟೆ ರೊಟ್ಟಿ), ಸಕ್ಕರೆ, ಬೆಣ್ಣೆ, ಗಟ್ಟಿ ಹಾಲಿನ ‘ಟ್ಯಾಬ್ಲೆಟ್’ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಆದರೂ ಪದಾರ್ಥಗಳ ಪಟ್ಟಿ ಒಮ್ಮೆ ಓದಿಕೊಳ್ಳಿ. ‘ನೀಪ್ಸ್’ ಹಳದಿ ತಿರುಳಿನ ಗೆಡ್ಡೆ, ತರಕಾರಿ ಅಂಗಡಿಯಲ್ಲಿ ಟರ್ನಿಪ್ ಕೇಳಿದರೂ ಅನೇಕ ಕಡೆ ಅದನ್ನೇ ಕೊಡುತ್ತಾರೆ.

ಆಸ್ಪತ್ರೆಯಲ್ಲಿ

ನರ್ಸ್, ವೈದ್ಯ, ವೃದ್ಧರ ಆರೈಕೆಯ ಕೆಲಸಕ್ಕೆ ಬಂದವರಿಗೆ ಇದು ಎಲ್ಲಕ್ಕಿಂತ ಮುಖ್ಯ. ನೋವಿನಲ್ಲಿರುವವರು ಇಂಗ್ಲಿಷಿಗೆ ಜಾರುವುದಿಲ್ಲ, ಮನೆಮಾತಿನಲ್ಲೇ ಹೇಳುತ್ತಾರೆ.

ನೋವಿಗೆ ‘ಸೇರ್’: ‘ಸೇರ್ ಹೀಡ್’ ತಲೆನೋವು, ‘ಸೇರ್ ವೇಮ್’ ಹೊಟ್ಟೆನೋವು. ‘ಆಕ್ಸ್ಟರ್’ ಕಂಕುಳು. ಥರ್ಮಾಮೀಟರ್ ಎಲ್ಲಿಡಲಿ ಎಂಬ ಪ್ರಶ್ನೆಯಲ್ಲೇ ಈ ಪದ ಬೀಳುತ್ತದೆ. ‘ಲಗ್’ ಕಿವಿ, ‘ಪಿಂಕಿ’ ಕಿರುಬೆರಳು, ‘ಬಹೂಕಿ’ ಕುಂಡೆ, ‘ಕಿಸ್ಟ್’ ಎದೆ. ‘ಬೋಕ್’ ವಾಂತಿ, ‘ಡ್ರೈ ಬೋಕ್’ ಏನೂ ಬರದೆ ಓಕರಿಕೆ ಮಾತ್ರ. ಔಷಧ ಕೊಡುವಾಗ ಈ ಎರಡರ ವ್ಯತ್ಯಾಸ ಮುಖ್ಯ. ‘ಸ್ಕಿಟರ್ಸ್’ ಭೇದಿ. ‘ಹೋಸ್ಟ್’ ಕೆಮ್ಮು. ‘ಸ್ಕೆಲ್ಫ್’ ಚರ್ಮದಲ್ಲಿ ಚುಚ್ಚಿಕೊಂಡ ಮರದ ಸಿಬಿರು. ‘ಹಿರ್ಪಲ್’ ಕುಂಟುವುದು. ‘ಸ್ಟುಕಿ’ ಮೂಳೆ ಮುರಿದಾಗ ಹಾಕುವ ಪ್ಲಾಸ್ಟರ್. ‘ಬೀಲಿನ್’ ಎಂದರೆ ಗಾಯ ಕೀವುಗಟ್ಟಿದೆ. ಮನುಷ್ಯರ ಬಗ್ಗೆ ಹೇಳಿದರೆ ಕೋಪದಿಂದ ಕುದಿಯುತ್ತಿದ್ದಾರೆ ಎಂದು. ‘ಪೀಲಿ ವಾಲಿ’ ಮುಖ ಬಿಳಿಚಿಕೊಂಡವರು, ‘ವ್ಯಾಬಿಟ್’ ಕಾಯಿಲೆಯಿಂದ ಸುಸ್ತಾದವರು. ಇಂಜೆಕ್ಷನ್ನಿಗೆ ‘ಜ್ಯಾಗ್’. ಈ ಪದವನ್ನು ಆರೋಗ್ಯ ಸಿಬ್ಬಂದಿಯೂ ಬಳಸುತ್ತಾರೆ.

ಅರ್ಥವಾಗದೆ ತಲೆಯಾಡಿಸುವುದು ಇಲ್ಲಿ ಅಪಾಯ. ರೋಗಿ ಹೇಳಿದ ಪದವನ್ನೇ ಹಿಡಿದು ‘ಎಲ್ಲಿ, ತೋರಿಸಿ’ ಎಂದು ಕೇಳಿ. ದಾಖಲೆಯಲ್ಲಿ ರೋಗಿಯ ಪದ, ಪಕ್ಕದಲ್ಲಿ ವೈದ್ಯಕೀಯ ಪದ ಎರಡನ್ನೂ ಬರೆಯಿರಿ.

ಮನಸ್ಥಿತಿಗೂ ಪದಗಳಿವೆ. ‘ಸ್ಕನ್ನರ್ಡ್’ ಸಾಕುಸಾಕಾಗಿ ಹೋಗಿದೆ, ‘ಕ್ರ್ಯಾಬಿಟ್’ ಸಿಡುಕು, ‘ಥ್ರಾನ್’ ಹಟಮಾರಿ, ‘ಡ್ವಾಮ್’ ಎಲ್ಲೋ ಕಳೆದುಹೋದ ಮಂಪರು. ‘ಬ್ಲೆದರ್’ ಹರಟೆ.

ಹವಾಮಾನದ ಪದಗಳು ತಾವಾಗಿ ಬರುತ್ತವೆ, ದಿನಾ ಕೇಳುತ್ತೀರಿ. ‘ಡ್ರೀಖ್’ ಮೋಡ ಕವಿದು ಜಿಟಿಜಿಟಿ ಹಿಡಿದ ಮಂಕು ದಿನ, ‘ಸ್ಮಿರ್’ ಮುಖಕ್ಕೆ ತಾಗುವಷ್ಟು ಸಣ್ಣ ತುಂತುರು, ‘ಹಾರ್’ ಪೂರ್ವ ಕರಾವಳಿಗೆ ಸಮುದ್ರದಿಂದ ನುಗ್ಗುವ ಮಂಜು. ತೊಯ್ದು ತೊಪ್ಪೆಯಾದರೆ ‘ಡ್ರುಕಿಟ್’.

ಊರಿಗೊಂದು ಬಗೆ

ಗ್ಲಾಸ್ಗೋದಲ್ಲಿ ಪಳಗಿದವರೂ ಅಬರ್ಡೀನಿಗೆ ಹೋದರೆ ಮತ್ತೆ ಮೊದಲಿನಿಂದ ಕಲಿಯಬೇಕು. ಅಲ್ಲಿನ ಸ್ಕಾಟ್ಸಿಗೆ ಡಾರಿಕ್ ಎಂದು ಹೆಸರು. ಪ್ರಶ್ನಾರ್ಥಕಗಳೆಲ್ಲ ‘ಫ’ದಿಂದ ಶುರು: ‘ಫಾ’ ಯಾರು, ‘ಫಿಟ್’ ಏನು, ‘ಫಾರ್’ ಎಲ್ಲಿ, ‘ಫ್ಯಾನ್’ ಯಾವಾಗ, ‘ಫೂ’ ಹೇಗೆ. ‘ಫಾರ್ ಯೆ ಫೇ?’ ಎಂದರೆ ಯಾವೂರಿನವರು. ‘ಫಿಟ್ ಲೈಕ್?’ ಎಂದರೆ ಹೇಗಿದ್ದೀರಿ, ‘ನೇ ಬ್ಯಾಡ್, ಫೂಸ್ ಯರ್ಸೆಲ್?’ ಎಂದು ಉತ್ತರಿಸಿದರೆ ಕೇಳಿದವರ ಮುಖ ಅರಳುತ್ತದೆ. ಹುಡುಗ ‘ಲೂನ್’, ಹುಡುಗಿ ‘ಕ್ವೈನ್’. ಡಂಡಿಯಲ್ಲಿ ‘ಐ’ ಧ್ವನಿ ‘ಎ’ ಆಗುತ್ತದೆ, ಪೈ ಅಲ್ಲಿ ‘ಪೆ’. ಚಿಕ್ಕದು ಎನ್ನಲು ಶೆಟ್ಲೆಂಡಿನಲ್ಲಿ ‘ಪೀರಿ’, ಆರ್ಕ್ನಿಯಲ್ಲಿ ‘ಪೀಡಿ’. ಈ ದ್ವೀಪಗಳು 1468–69ರಲ್ಲಷ್ಟೇ ಸ್ಕಾಟ್ಲೆಂಡಿನ ಕೈಗೆ ಬಂದವು, ಅಲ್ಲಿನ ಮಾತಿನಲ್ಲಿ ನಾರ್ವೆಯ ಹಳೆಯ ಭಾಷೆಯ ಪದಗಳು ಇನ್ನೂ ಧಾರಾಳ.

ಆಡುವುದು ಎಷ್ಟು, ಕೇಳುವುದು ಎಷ್ಟು

ಕೇಳಿ ಅರ್ಥ ಮಾಡಿಕೊಳ್ಳುವುದು ಎಷ್ಟಾದರೂ ಇರಲಿ, ಆಡುವುದನ್ನು ನಿಧಾನವಾಗಿ ಬೆಳೆಸಿ. ‘ಆಯ್’, ‘ವೀ’, ‘ಡ್ರೀಖ್’, ‘ಔಟ್‌ವಿತ್’, ‘ಮೆಸೇಜಸ್’ ಯಾರ ಬಾಯಲ್ಲೂ ಒಪ್ಪುತ್ತವೆ. ಅವರ ರಾಗ ಅನುಕರಿಸಿ ಇಡೀ ವಾಕ್ಯ ಹೇಳಿದರೆ ಅಣಕಿಸಿದಂತೆ ಕೇಳುತ್ತದೆ. ಶಾಲೆಯಲ್ಲಿ ಸ್ಕಾಟ್ಸ್ ಆಡಿದ್ದಕ್ಕೆ ಪೆಟ್ಟು ತಿಂದ ಹಿರಿಯರು ಇನ್ನೂ ಇದ್ದಾರೆ, ಅವರಿಗೆ ಇದು ನೋಯುವ ಜಾಗ. ಬಸ್ ಚಾಲಕರು ಹೆಂಗಸರನ್ನು ‘ಹೆನ್’, ಗಂಡಸರನ್ನು ‘ಪ್ಯಾಲ್’ ಎಂದರೆ ಆದರದ ಮಾತು, ಬೇಸರಪಡಬೇಡಿ. ಆದರೆ ‘ಹೆನ್’ ನೀವು ಬಳಸಬೇಡಿ. ‘ವೀಷ್ಟ್’ ಎಂದರೆ ಸುಮ್ಮನಿರು, ಮಕ್ಕಳಿಗೆ ಸರಿ, ದೊಡ್ಡವರಿಗೆ ಒರಟು. ‘ನೆಡ್’ ಬಡ ಬಡಾವಣೆಯ ಹುಡುಗರನ್ನು ಹೀನೈಸುವ ಪದ, ಬಿಟ್ಟುಬಿಡಿ.

ಅರ್ಥವಾಗದಾಗ ‘ನಿಧಾನವಾಗಿ ಹೇಳಿ’ ಎಂದರೆ ಅದೇ ಪದವನ್ನು ಇನ್ನೂ ಗಟ್ಟಿಯಾಗಿ ಹೇಳುತ್ತಾರೆ, ಪ್ರಯೋಜನವಿಲ್ಲ. ತೊಡಕಾದ ಒಂದೇ ಪದವನ್ನು ಹಿಡಿದು ‘ವಾಟ್ಸ್ ಆಕ್ಸ್ಟರ್?’ ಎಂದು ಕೇಳಿ, ತಕ್ಷಣ ಬೇರೆ ಪದ ಕೊಡುತ್ತಾರೆ. ಫೋನಿನಲ್ಲಿ ಮುಖ ಕಾಣುವುದಿಲ್ಲವಾದ್ದರಿಂದ ದಿನ, ಹೊತ್ತು, ವಿಳಾಸ ಮೂರನ್ನು ನೀವೇ ತಿರುಗಿ ಹೇಳಿ ಖಚಿತಪಡಿಸಿಕೊಳ್ಳಿ.

ಕಿವಿ ಪಳಗಿಸಲು ಬಿಬಿಸಿ ರೇಡಿಯೋ ಸ್ಕಾಟ್ಲೆಂಡಿನ ಕೇಳುಗರ ಕರೆ ಬರುವ ಕಾರ್ಯಕ್ರಮಗಳು ಸುದ್ದಿಗಿಂತ ಉತ್ತಮ, ಸುದ್ದಿ ಓದುವವರು ಇಂಗ್ಲಿಷ್ ಆಡುತ್ತಾರೆ, ಕರೆ ಮಾಡುವವರು ಮನೆಮಾತು ಆಡುತ್ತಾರೆ. ದಿನಕ್ಕೆ ಕಾಲು ಗಂಟೆ ಸಾಕು. ಕೇಳಿದ ಪದವನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ, ಜತೆಗೆ ಯಾವ ಊರಿನವರು ಎಂದೂ. ರೋಮನ್ ಲಿಪಿಯಲ್ಲಿ ಬರೆದರೆ ಮುಂದಿನ ವಾರ ಇಂಗ್ಲಿಷ್ ಉಚ್ಚಾರದಲ್ಲಿ ಓದಿಬಿಡುತ್ತೀರಿ. ಅರ್ಥಕ್ಕೆ ‘ಡಿಕ್ಷನರೀಸ್ ಆಫ್ ದ ಸ್ಕಾಟ್ಸ್ ಲ್ಯಾಂಗ್ವೇಜ್’ ಎಂಬ ಜಾಲತಾಣ ಉಚಿತವಾಗಿದೆ, ಎರಡು ದೊಡ್ಡ ಐತಿಹಾಸಿಕ ನಿಘಂಟುಗಳು ಅಲ್ಲಿ ಒಟ್ಟಿಗಿವೆ. ಸ್ಕಾಟ್ಸಿಗೆ ಒಂದೇ ಗೊತ್ತಾದ ಕಾಗುಣಿತವಿಲ್ಲ. ಒಂದು ರೀತಿಯಲ್ಲಿ ಹುಡುಕಿ ಸಿಗದಿದ್ದರೆ ಸ್ವರ ಬದಲಿಸಿ, ‘ಕೆ’ ಜಾಗಕ್ಕೆ ‘ಸಿಎಚ್’ ಹಾಕಿ, ಎರಡು ‘ಒ’ ಜಾಗಕ್ಕೆ ‘ಒಯು’ ಹಾಕಿ ಮತ್ತೆರಡು ಸಲ ಹುಡುಕಿ. ಪದದ ಕೆಳಗೆ ಯಾವ ಜಿಲ್ಲೆಯಲ್ಲಿ ಬಳಕೆ ಎಂದೂ ಕೊಟ್ಟಿರುತ್ತಾರೆ, ಅದನ್ನು ನಿಮ್ಮ ಟಿಪ್ಪಣಿಯ ಊರಿನ ಹೆಸರಿನ ಜತೆ ಹೋಲಿಸಿ ನೋಡಿ.